ನೋವಿನಿಂದಲೇ ಹಾಡು ಹುಟ್ಟುತ್ತದೆಯೇ?

ಹಳೆಯ ವಿದ್ಯಾರ್ಥಿ (ಎಸ್.ಎಸ್.ಎಲ್.ಸಿ. 2003), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬರೆದುಕೊಡು ಎಂದು ಮುಖ್ಯೋಪಾಧ್ಯಾಯರು ಫೋನ್ ಮಾಡಿದಾಗ, ನಾನು ಕಂಪ್ಯೂಟರ್ ವಿಷಯ ಬರೆಯುತ್ತೇನೆಂದು ಅವರು ತಿಳಿದಿದ್ದರು. ಸಂಗೀತಗಾರರ ಇತಿಹಾಸ ಬರೆಯುತ್ತೇನೆ ಸರ್ ಅಂದೆ. "ನಿನಗ ಸಂಗೀತ ಬರ್ತದೇನೋ?" ಎಂದು ನಕ್ಕರು. ಬರುವುದಿಲ್ಲ. ಪ್ರಾರ್ಥನೆಗೆ ನಿಲ್ಲುವಾಗಲೂ ನನ್ನನ್ನು ಹಿಂದಿನ ಸಾಲಿಗೆ ಕಳಿಸುತ್ತಿದ್ದರು. ಹಾಡುವವನು ನನ್ನ ಬೆಂಚಿನಲ್ಲಿ ನನ್ನ ಎಡಕ್ಕೆ ಕೂಡುತ್ತಿದ್ದ. ಅವನ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮ್ಮೂರ ಕಟ್ಟೆಯ ಮೇಲೆ ಸಂಗೀತದ ಮಾತು ಬಂದರೆ ಒಂದು ಮಾತು ತಪ್ಪದೆ ಬರುತ್ತದೆ. ದೊಡ್ಡ ಕಲಾವಿದರೆಲ್ಲ ನೊಂದವರು, ನೊಂದವರೆಲ್ಲ ಕುಡಿದವರು, ಕುಡಿದದ್ದರಿಂದಲೇ ಆ ದನಿ ಬಂತು. "ಭೀಮಣ್ಣನೂ ಕುಡೀತಿದ್ದ" ಎಂದು ಯಾರಾದರೂ ಹೇಳಿದರೆ ಅಲ್ಲಿಗೆ ವಾದ ಮುಗಿಯಿತು. ನಾನೂ ಆ ಮಾತನ್ನು ಬಹಳ ವರ್ಷ ಆಡಿದ್ದೇನೆ. ನನ್ನ ಕೆಲಸದಲ್ಲಿ ದೋಷ ಹುಡುಕುವಾಗ ಮೊದಲು ಕಲಿಸುವ ಪಾಠ ಏನೆಂದರೆ, ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಬರೆಯಬಾರದು. ಆಫೀಸಿನಲ್ಲಿ ದಿನಾ ಪಾಲಿಸುವ ಈ ನಿಯಮವನ್ನು ಊರಿನ ಕಟ್ಟೆಗೆ ತರಲು ನನಗೆ ಯಾಕೆ ಇಷ್ಟು ವರ್ಷ ಬೇಕಾಯಿತೋ ತಿಳಿಯದು.

ಭೀಮಸೇನ ಜೋಶಿಯವರಿಂದಲೇ ಶುರು ಮಾಡೋಣ. 1922ರ ಫೆಬ್ರವರಿ 4ರಂದು ಹುಟ್ಟಿದ, ನಮ್ಮ ಗದಗ ಸೀಮೆಯ ಮಗ. ತಂದೆ ಗುರುರಾಜ ಜೋಶಿಯವರು ಶಾಲಾ ಮಾಸ್ತರರು. ಹದಿನಾರು ಮಕ್ಕಳಲ್ಲಿ ಭೀಮಸೇನರೇ ಹಿರಿಯರು. ಭಜನೆ, ಬಾಜಾ ಬಜಂತ್ರಿ ಎಲ್ಲಿ ಕೇಳಿಸಿದರೂ ಹುಡುಗ ಹಿಂದೆ ಹೋಗಿಬಿಡುತ್ತಿದ್ದ, ದಣಿದು ಎಲ್ಲೋ ಮಲಗಿರುತ್ತಿದ್ದ. ಹುಡುಕಿ ಹುಡುಕಿ ಸಾಕಾದ ತಂದೆ ಕೊನೆಗೆ ಅಂಗಿಯ ಮೇಲೆ 'ಜೋಶಿ ಮಾಸ್ತರರ ಮಗ' ಎಂದು ಬರೆಸಿದರಂತೆ, ಕಂಡವರು ಮನೆಗೆ ಮುಟ್ಟಿಸಲಿ ಎಂದು. ಮಾಸ್ತರರ ಮಕ್ಕಳು ಕಳೆದುಹೋಗುವುದು ಕಷ್ಟ ಎಂದು ನಮ್ಮ ಗುರುಗಳು ಇದನ್ನು ಓದಿ ನಗಬಹುದು.

1933ರಲ್ಲಿ, ಹನ್ನೊಂದನೇ ವಯಸ್ಸಿನಲ್ಲಿ, ಅವರು ಮನೆ ಬಿಟ್ಟರು. ಊಟದ ಹೊತ್ತಿಗೆ ಇನ್ನೊಂದು ಚಮಚ ತುಪ್ಪ ಸಿಗಲಿಲ್ಲವೆಂಬ ಸಿಟ್ಟಿಗೆ ಹೋದರು ಎಂದು ಹೇಳುವವರಿದ್ದಾರೆ. ತುಪ್ಪ ನೆಪವಾಗಿರಬಹುದು. ಅದಕ್ಕೆ ಮೊದಲೇ ಅವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರ ಝಿಂಝೋಟಿ ರಾಗದ ಠುಮರಿಯನ್ನು ಗ್ರಾಮೊಫೋನ್ ತಟ್ಟೆಯಲ್ಲಿ ಕೇಳಿದ್ದರು. ಹಾಗೆ ಹಾಡಬೇಕು, ಹಾಗೆ ಹಾಡಲು ಕಲಿಸುವ ಗುರು ಬೇಕು ಎಂಬುದು ತಲೆಯಲ್ಲಿ ಕೂತಿತ್ತು. ಟಿಕೆಟ್ ಇಲ್ಲದೆ ರೈಲು ಹತ್ತಿ, ಹಾಡು ಹೇಳಿ ಹೊಟ್ಟೆ ತುಂಬಿಸಿಕೊಂಡು, ಗ್ವಾಲಿಯರ್, ಕಲ್ಕತ್ತ, ಜಲಂಧರ್ ಎಂದು ಅಲೆದರು. ಜಲಂಧರದ ಹರಿವಲ್ಲಭ ಸಂಗೀತ ಸಮ್ಮೇಳನಕ್ಕೆ ಬಂದಿದ್ದ ವಿನಾಯಕರಾವ್ ಪಟವರ್ಧನರು ಈ ಹುಡುಗನನ್ನು ಕಂಡು, ನಿಮ್ಮೂರ ಮಗ್ಗುಲಲ್ಲೇ ಸವಾಯಿ ಗಂಧರ್ವರಿದ್ದಾರೆ, ಇಷ್ಟು ದೂರ ಯಾಕೆ ಬಂದೆ ಎಂದರು. ಸವಾಯಿ ಗಂಧರ್ವರು ಅದೇ ಅಬ್ದುಲ್ ಕರೀಂ ಖಾನರ ಶಿಷ್ಯರು, ಇದ್ದದ್ದು ಕುಂದಗೋಳದಲ್ಲಿ. ಪಂಜಾಬಿಗೆ ಹೋಗಿ ಕುಂದಗೋಳದ ವಿಳಾಸ ತಿಳಿದುಕೊಂಡು ಬಂದ ಹಾಗಾಯಿತು.

ಕಟ್ಟೆಯ ಕಥೆಯಲ್ಲಿ ಈ ಓಡಿಹೋಗುವ ಭಾಗ ದೊಡ್ಡದಾಗಿ ಬರುತ್ತದೆ. ಕುಂದಗೋಳದ ವರ್ಷಗಳು ಬರುವುದಿಲ್ಲ. 1936ರಿಂದ ಸುಮಾರು ಐದು ವರ್ಷ ಅವರು ಗುರುಗಳ ಮನೆಯಲ್ಲಿದ್ದರು. ಮೊದಲಿಗೆ ಪಾಠ ಇರಲಿಲ್ಲ. ನೀರು ಹೊರುವುದು, ಮನೆಗೆಲಸ ಇಷ್ಟೇ. ಪಾಠ ಶುರುವಾದ ಮೇಲೂ ಮುಖ್ಯವಾಗಿ ಮೂರೇ ರಾಗ: ಬೆಳಿಗ್ಗೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆಗೆ ಪೂರಿಯಾ. ವರ್ಷಗಟ್ಟಲೆ ಅದೇ. ನಾನು ಇದನ್ನು ಮೊದಲ ಸಲ ಓದಿದಾಗ ನಮ್ಮ ಗಣಿತದ ಗುರುಗಳು ಒಂದೇ ಪ್ರಮೇಯವನ್ನು ಒಂದು ವಾರ ಬರೆಸಿದ್ದು ನೆನಪಾಯಿತು. ಜೋಶಿಯವರ ಹಾಡಿನಲ್ಲಿ ನಮ್ಮ ಎದೆ ಹಿಂಡುವ ಆ ಸ್ವರ ಎಲ್ಲಿಂದ ಬಂತು ಎಂದು ಕೇಳುವವರು ಮೊದಲು ಈ ಮೂರು ರಾಗಗಳ ಲೆಕ್ಕ ಕೇಳಬೇಕು.

ಕುಡಿತದ ಮಾತು ಸುಳ್ಳಲ್ಲ. ಅವರು ಬಹಳ ವರ್ಷ ಕುಡಿದರು, ಅದನ್ನು ಮುಚ್ಚಿಡಲೂ ಇಲ್ಲ. ಕುಡಿತದಿಂದ ಕೆಟ್ಟುಹೋದ ಕಛೇರಿಗಳಿದ್ದವು. ಆದರೆ ಕಟ್ಟೆಯ ಕಥೆ ಇಲ್ಲಿಗೇ ನಿಂತುಬಿಡುತ್ತದೆ, ಮುಂದಿನ ಸಾಲು ಹೇಳುವುದಿಲ್ಲ: ಅವರು ಕುಡಿತ ಬಿಟ್ಟರು, ಬಿಟ್ಟು ಮತ್ತೆ ಬಹಳ ವರ್ಷ ಹಾಡಿದರು. 1988ರಲ್ಲಿ ದೂರದರ್ಶನದ ರಾಷ್ಟ್ರೀಯ ಏಕತೆಯ ಹಾಡು ಅವರ ದನಿಯಿಂದಲೇ ಶುರುವಾಗುತ್ತಿತ್ತಲ್ಲ, ಆಗ ಅವರಿಗೆ 66 ವರ್ಷ. ಗುರುಗಳ ಹೆಸರಿನಲ್ಲಿ 1953ರಿಂದ ಪುಣೆಯಲ್ಲಿ ನಡೆಸಿಕೊಂಡು ಬಂದ ಉತ್ಸವವನ್ನು ಮುಪ್ಪಿನವರೆಗೂ ಬಿಡಲಿಲ್ಲ. 2008ರಲ್ಲಿ ಭಾರತ ರತ್ನ ಘೋಷಣೆಯಾಯಿತು. 2011ರ ಜನವರಿ 24ರಂದು ತೀರಿಕೊಂಡರು. ಕುಡಿತವೇ ದನಿ ಕೊಟ್ಟಿದ್ದರೆ, ಕುಡಿತ ಬಿಟ್ಟ ದಿನ ದನಿಯೂ ಹೋಗಬೇಕಿತ್ತು.

ಕುಡಿದರೇ ದನಿ ಬರುತ್ತದೆ ಎಂದು ಸ್ವತಃ ನಂಬಿಕೊಂಡಿದ್ದ ದೊಡ್ಡ ಹಾಡುಗಾರರೊಬ್ಬರಿದ್ದರು, ಕುಂದನ್ ಲಾಲ್ ಸೈಗಲ್. ನಮ್ಮ ಸೀಮೆಯವರಲ್ಲ, ಜಮ್ಮುವಿನವರು. ಆದರೆ ನಮ್ಮ ಅಜ್ಜಂದಿರು ಬೆಳಿಗ್ಗೆ ರೇಡಿಯೋ ಸಿಲೋನಿನಲ್ಲಿ ಅವರ ಹಾಡು ಕೇಳಿದ ಮೇಲೇ ಹೊಲಕ್ಕೆ ಹೊರಡುತ್ತಿದ್ದರು. 1935ರ 'ದೇವದಾಸ್' ಚಿತ್ರದಲ್ಲಿ ಪ್ರೇಮಭಂಗದಿಂದ ಕುಡಿದು ಸಾಯುವ ಪಾತ್ರ ಮಾಡಿದರು. ಪಾತ್ರ ಯಾವುದು, ಮನುಷ್ಯ ಯಾರು ಎಂಬ ಗೆರೆ ನೋಡುವವರಿಗೂ ಅಳಿಸಿಹೋಯಿತು, ಬಹುಶಃ ಅವರಿಗೂ. ಸಂಗೀತ ನಿರ್ದೇಶಕ ನೌಷಾದ್ ಮುಂದೆ ಹಲವು ಸಲ ಹೇಳಿದ ಪ್ರಸಂಗವೊಂದಿದೆ. 1946ರ 'ಷಾಜಹಾನ್' ಚಿತ್ರದ ಹಾಡುಗಳ ಧ್ವನಿಮುದ್ರಣ. ಸೈಗಲ್ ಕುಡಿಯದೆ ಹಾಡುವುದಿಲ್ಲ. ನೌಷಾದ್ ಬೇಡಿಕೊಂಡು ಒಂದು ಸಲ ಕುಡಿಯದೆ ಹಾಡಿಸಿದರು, ಆಮೇಲೆ ಕುಡಿದು ಹಾಡಲು ಬಿಟ್ಟರು. ಎರಡನ್ನೂ ಕೇಳಿಸಿ ಯಾವುದು ಚೆನ್ನಾಗಿದೆ ಎಂದಾಗ ಸೈಗಲ್ ಆರಿಸಿದ್ದು ಕುಡಿಯದೆ ಹಾಡಿದ್ದನ್ನು. ಕುಡಿಯದಿದ್ದರೆ ನಿಮ್ಮ ದನಿ ಬರುವುದಿಲ್ಲ ಎಂದು ಹೇಳಿದವರು ನಿಮ್ಮ ಗೆಳೆಯರಲ್ಲ ಎಂದು ನೌಷಾದ್ ಹೇಳಿದರಂತೆ. ನೀವು ಮೊದಲೇ ಸಿಗಬೇಕಿತ್ತು ಎಂದರಂತೆ ಸೈಗಲ್. 1947ರ ಜನವರಿ 18ರಂದು ಅವರು ತೀರಿಹೋದರು. ವಯಸ್ಸು 42.

ಇನ್ನು ನನಗೆ ಎಲ್ಲರಿಗಿಂತ ಹೆಚ್ಚು ಕಾಡುವವರು ಕುಮಾರ ಗಂಧರ್ವರು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರ ಏಪ್ರಿಲ್ 8ರಂದು ಹುಟ್ಟಿದರು. ಹುಟ್ಟುಹೆಸರು ಶಿವಪುತ್ರ. ದೊಡ್ಡ ದೊಡ್ಡ ಗಾಯಕರ ತಟ್ಟೆ ಕೇಳಿ ಹಾಗೆಯೇ ಹಾಡಿ ತೋರಿಸುತ್ತಿದ್ದ ಬಾಲಕ. ಆ ವಯಸ್ಸಿಗೇ 'ಕುಮಾರ ಗಂಧರ್ವ' ಎಂಬ ಬಿರುದು ಬಂದು, ಕೊನೆಗೆ ಅದೇ ಹೆಸರಾಯಿತು. ಮುಂಬೈಯಲ್ಲಿ ಪ್ರೊಫೆಸರ್ ಬಿ.ಆರ್. ದೇವಧರರ ಹತ್ತಿರ ಕಲಿತರು, ಅಲ್ಲಿಯೇ ಕಲಿಸಿದರು. 1947ರಲ್ಲಿ ಭಾನುಮತಿಯವರನ್ನು ಮದುವೆಯಾದರು. ಇಪ್ಪತ್ತಮೂರು ವರ್ಷ, ಇಡೀ ದೇಶ ಕಿವಿಗೊಟ್ಟ ದನಿ. ಆಗ ಕ್ಷಯ ಬಂತು.

ಒಣಹವೆ ಒಳ್ಳೆಯದೆಂದು ಮಧ್ಯಪ್ರದೇಶದ ದೇವಾಸಕ್ಕೆ ಹೋದರು. ಒಂದು ಶ್ವಾಸಕೋಶ ಕೆಲಸಕ್ಕೆ ಬಾರದಂತಾಯಿತು. ಹಾಡಬಾರದೆಂದು ವೈದ್ಯರ ಆಜ್ಞೆ. ಹೆಚ್ಚುಕಡಿಮೆ ಐದು ವರ್ಷ ಹಾಸಿಗೆಯ ಮೇಲೆ ಮೌನ. ಬಾಗಿಲಾಚೆ ಮಾಳವದ ಹೆಂಗಸರು ಹಾಡಿಕೊಂಡು ಹೋಗುವ ಹಾಡು, ಜೋಗಿಗಳು ಹಾಡುವ ಕಬೀರನ ನಿರ್ಗುಣ ಪದ, ಇವು ಕಿವಿಗೆ ಬೀಳುತ್ತಿದ್ದವು. ನಮ್ಮ ಭಜನೆಯವರು ರಾತ್ರಿಯೆಲ್ಲ ಶಿಶುನಾಳ ಶರೀಫರ ಪದ ಹಾಡುತ್ತಾರಲ್ಲ, ಅದೇ ಬಗೆಯ ಹಾಡುಗಾರಿಕೆ ಅನ್ನಬಹುದು. ಬಾಯಿ ಮುಚ್ಚಿದ್ದ ಆ ಐದು ವರ್ಷ ಅವರ ಕಿವಿ ಕೆಲಸ ಮಾಡಿತು.

ಇಲ್ಲಿಯೇ ಕಥೆ ಹೇಳುವವರಿಗೆ ಆಸೆ ಹುಟ್ಟುವುದು. ಕ್ಷಯವೇ ಅವರ ಗುರು, ನೋವೇ ಅವರನ್ನು ಹೊಸ ಗಾಯಕನನ್ನಾಗಿ ಮಾಡಿತು ಎಂದು ಬರೆದುಬಿಡುತ್ತಾರೆ. ನಾನು ದಿನಾಂಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಕ್ಷಯಕ್ಕೆ ನಾಟುವ ಮೊದಲ ಔಷಧಿ ಸ್ಟ್ರೆಪ್ಟೊಮೈಸಿನ್. ಅದನ್ನು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಬೇರ್ಪಡಿಸಿದವನು ಆಲ್ಬರ್ಟ್ ಶಾಟ್ಜ್ ಎಂಬ 23 ವರ್ಷದ ವಿದ್ಯಾರ್ಥಿ. ಅವನ ಪ್ರಾಧ್ಯಾಪಕ ಸೆಲ್ಮನ್ ವಾಕ್ಸ್‌ಮನ್‌ಗೆ ಅದಕ್ಕಾಗಿ ನೊಬೆಲ್ ಸಿಕ್ಕಿದ್ದು 1952ರಲ್ಲಿ. (ವಿದ್ಯಾರ್ಥಿಗೆ ಸಿಗಲಿಲ್ಲ. ಅದೇ ಒಂದು ಬೇರೆ ಲೇಖನ.) ಆ ಔಷಧಿ ದೇವಾಸದ ಆ ಹಾಸಿಗೆಗೆ ತಲುಪಿದ್ದೂ 1952ರ ಸುಮಾರಿಗೆ. 1953ರಲ್ಲಿ ಕುಮಾರರು ಮತ್ತೆ ವೇದಿಕೆ ಏರಿದರು. ಆಮೇಲೆ 1992ರ ಜನವರಿ 12ರಂದು ತೀರಿಕೊಳ್ಳುವವರೆಗೆ, ಅಂದರೆ ಸುಮಾರು 39 ವರ್ಷ, ಹಾಡಿದರು. ಮಾಳವದ ಜನಪದ ಧಾಟಿಗಳಿಂದ ಹೊಸ ರಾಗಗಳನ್ನು ಕಟ್ಟಿದ್ದು, ಕಬೀರನನ್ನು ಶಾಸ್ತ್ರೀಯ ವೇದಿಕೆಗೆ ತಂದದ್ದು, ಗಾಂಧಿ ಮಲ್ಹಾರ್ ರಾಗ ರಚಿಸಿದ್ದು, 1965ರಲ್ಲಿ 'ಅನೂಪ ರಾಗ ವಿಲಾಸ' ಪುಸ್ತಕ ತಂದದ್ದು, ಎಲ್ಲವೂ ಔಷಧಿಯ ಈಚೆಯ ಮಾತು. ಔಷಧಿ ನಾಲ್ಕು ವರ್ಷ ತಡವಾಗಿದ್ದರೆ ನೋವು ತನ್ನ ಕೆಲಸವನ್ನು ಪೂರ್ತಿ ಮಾಡುತ್ತಿತ್ತು, ನಮಗೆ ಒಬ್ಬ ಸತ್ತುಹೋದ ಬಾಲಪ್ರತಿಭೆಯ ಹೆಸರು ಮಾತ್ರ ಉಳಿಯುತ್ತಿತ್ತು. ಆ ಐದು ವರ್ಷ ರಾತ್ರಿ ಹಗಲು ಆರೈಕೆ ಮಾಡಿದ ಭಾನುಮತಿಯವರು 1961ರಲ್ಲಿ ಎರಡನೇ ಮಗುವಿನ ಹೆರಿಗೆಯಲ್ಲಿ ತೀರಿಕೊಂಡರು. ಕುಮಾರರ ಹಾಡಿನ ಮೂಲ ಹುಡುಕುವವರು ಕ್ಷಯದ ಹೆಸರು ಹೇಳುವಷ್ಟು ಸಲ ಆಕೆಯ ಹೆಸರು ಹೇಳುವುದಿಲ್ಲ.

ಹೆಂಗಸರ ಮಾತು ಬಂದದ್ದಕ್ಕೆ ಹೇಳುತ್ತೇನೆ, ಗಂಗೂಬಾಯಿ ಹಾನಗಲ್ಲರನ್ನು ಯಾರೂ 'ನೊಂದ ಪ್ರತಿಭೆ' ಎಂದು ಕರೆದದ್ದನ್ನು ನಾನು ಕೇಳಿಲ್ಲ. ನೋವು ಕಡಿಮೆ ಇತ್ತೇ? ಜಾತಿಯ ಹೆಸರಿನಲ್ಲಿ ಬೀದಿಯಲ್ಲಿ ಅವಮಾನ. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿಯ ಮುಂದೆ ಸ್ವಾಗತಗೀತೆ ಹಾಡಿದ ಹುಡುಗಿಗೆ, ಊಟದ ಹೊತ್ತಿಗೆ ನಮ್ಮನ್ನು ಎಲ್ಲಿ ಕೂಡಿಸುತ್ತಾರೋ ಎಂಬ ಅಂಜಿಕೆ. 1932ರಲ್ಲಿ ತಾಯಿ ಅಂಬಾಬಾಯಿ ತೀರಿಕೊಂಡರು. ಗಂಟಲಿನ ಚಿಕಿತ್ಸೆಯ ನಂತರ ತೆಳುವಾಗಿದ್ದ ದನಿ ಗಂಡು ದನಿಯಂತಾಯಿತು. ಹಣದ ಅಡಚಣೆ, ಮಕ್ಕಳು, ಸಂಸಾರ. ಆಕೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಪಾಠ ಮುಗಿಸಿ, ರೈಲು ಹತ್ತಿ ಮನೆಗೆ ಬಂದರು. ಬದಲಾದ ದನಿಯಲ್ಲೇ ಜಗತ್ತು ಸುತ್ತಿದರು. 2009ರಲ್ಲಿ 96ರ ವಯಸ್ಸಿನಲ್ಲಿ ಕಣ್ಣು ಮುಚ್ಚಿದರು. ಗಂಡಸು ನೋವಿಗೆ ಬಾಟಲಿ ಹಿಡಿದರೆ ಕಟ್ಟೆಗೆ ಕಥೆಯಾಗುತ್ತದೆ. ಹೆಂಗಸು ನೋವನ್ನು ಗಂಟು ಕಟ್ಟಿ ಮೂಲೆಗಿಟ್ಟು ತಂಬೂರಿ ಶ್ರುತಿ ಮಾಡಿದರೆ ಅದರಲ್ಲಿ ಕಥೆ ಏನಿದೆ ಅನ್ನುತ್ತಾರೆ.

ಇದು ನಮ್ಮ ಕಟ್ಟೆಯ ರೋಗವಷ್ಟೇ ಅಲ್ಲ. ಜರ್ಮನಿಯ ರಾಬರ್ಟ್ ಶೂಮನ್ ಎಂಬ ಸಂಗೀತ ರಚನಕಾರ 1854ರಲ್ಲಿ ರೈನ್ ನದಿಗೆ ಹಾರಿ, ಬದುಕುಳಿದು, ಎರಡು ವರ್ಷದ ನಂತರ ಮಾನಸಿಕ ಚಿಕಿತ್ಸಾಲಯದಲ್ಲಿ ಸತ್ತ. ಹುಚ್ಚಿಗೂ ಪ್ರತಿಭೆಗೂ ನಂಟು ಹಾಕುವವರು ಅವನ ಹೆಸರು ತರುತ್ತಾರೆ. ಆದರೆ ಅವನು 130ಕ್ಕೂ ಹೆಚ್ಚು ಗೀತೆ ಬರೆದದ್ದು 1840ರಲ್ಲಿ, ಪ್ರೀತಿಸಿದ ಕ್ಲಾರಾಳನ್ನು ಮದುವೆಯಾದ ವರ್ಷ. ಖಿನ್ನತೆ ಹಿಂಡಿದ 1844ರಲ್ಲಿ ಹೊಸದಾಗಿ ಬರೆದದ್ದು ಬಹಳ ಕಡಿಮೆ. ಇಂಗ್ಲಿಷ್ ಹಾಡು ಕೇಳುವ ನಮ್ಮ ಈಗಿನ ಹುಡುಗರಿಗೆ 27ರ ಕಥೆ ಗೊತ್ತಿರುತ್ತದೆ. ಕರ್ಟ್ ಕೊಬೇನ್ 27ಕ್ಕೆ ಸತ್ತ, ಏಮಿ ವೈನ್‌ಹೌಸ್ 27ಕ್ಕೆ ಸತ್ತಳು, ದೊಡ್ಡ ಕಲಾವಿದರು ಆ ವಯಸ್ಸಿಗೇ ಹೋಗುತ್ತಾರೆ ಎಂದು. ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ಆಲ್ಬಂಗಳ ಸಂಗೀತಗಾರರ ಸಾವಿನ ಲೆಕ್ಕ ತೆಗೆದು 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿತು. 27ರಲ್ಲಿ ವಿಶೇಷವೇನೂ ಇರಲಿಲ್ಲ. ಇಪ್ಪತ್ತು ಮೂವತ್ತರ ಪ್ರಾಯದಲ್ಲಿ ಅವರು ಸಾಮಾನ್ಯ ಜನರಿಗಿಂತ ಎರಡು ಮೂರು ಪಟ್ಟು ಹೆಚ್ಚು ಸಾಯುತ್ತಿದ್ದರು ಎಂಬುದು ಮಾತ್ರ ನಿಜವಾಗಿತ್ತು.

ಈಗ ನನ್ನ ಬೆಂಚಿನ ಗೆಳೆಯ. ಹೆಸರು ಬರೆಯುವುದಿಲ್ಲ, ನಮ್ಮ ತಂಡದವರಿಗೆ ಗೊತ್ತು. ಎಂಟನೆಯ ತರಗತಿಯಿಂದ ಹತ್ತರವರೆಗೆ ಪ್ರಾರ್ಥನೆ ಅವನದೇ. ಗ್ಯಾದರಿಂಗ್‌ನಲ್ಲಿ ದಾಸರ ಪದ ಅವನದೇ. ಹತ್ತನೆಯ ತರಗತಿ ಮುಗಿದ ಮೇಲೆ ರಸಮಂಜರಿ ತಂಡ ಸೇರಿದ. ಅಪ್ಪ ಸಾಲ ಬಿಟ್ಟು ಸತ್ತ. ಮದುವೆಯಾಯಿತು, ಮುರಿಯಿತು. ಕುಡಿಯಲು ಹತ್ತಿದ. ನಾವು ನಾಲ್ಕು ಮಂದಿ ಗೆಳೆಯರು ಪ್ರತಿ ವರ್ಷ ಜಾತ್ರೆಗೆ ಬೆಂಗಳೂರಿನಿಂದ ಬರುತ್ತಿದ್ದೆವು. ರಾತ್ರಿ ಹೊಲದ ಬದುವಿನ ಮೇಲೆ ಕೂತು ಅವನಿಂದ ಹಾಡಿಸುತ್ತಿದ್ದೆವು. ಬಾಟಲಿ ನಾವು ತಂದದ್ದು. "ಎರಡು ಇಳೀಲಿ, ಆಮ್ಯಾಲ ಕೇಳ್ರಿ ಅವನ ದನಿ" ಎಂದು ಹೊಸಬರಿಗೆ ಹೇಳುತ್ತಿದ್ದವನು ನಾನು. 2014ರ ಜಾತ್ರೆಯ ರಾತ್ರಿ ಹಾಡಿದ್ದನ್ನು ಫೋನಿನಲ್ಲಿ ತುಂಬಿಕೊಂಡೆ. 2018ರಲ್ಲಿ ಲಿವರ್ ಕೈಕೊಟ್ಟು ಹೋದ. 31 ವರ್ಷ. ಆ ಫೋನಿನ ಹಾಡನ್ನು ನಾನು ಆಫೀಸಿನ ಗೆಳೆಯರಿಗೆ ಕೇಳಿಸಿ, ಎಂಥ ನೋವಿದೆ ನೋಡಿ ಇದರಲ್ಲಿ ಅನ್ನುತ್ತಿದ್ದೆ.

ಈ ಸಂಚಿಕೆಯ ಕೆಲಸಕ್ಕೆಂದು ಶಾಲೆಯ ಬೀರುವಿನಲ್ಲಿದ್ದ ಹಳೆಯ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಏರಿಸಿಕೊಡಲು ನನಗೆ ಒಪ್ಪಿಸಿದರು. ಒಂದರ ಮೇಲೆ ಕನ್ನಡ ಗುರುಗಳ ಅಕ್ಷರದಲ್ಲಿ 'ಗ್ಯಾದರಿಂಗ್ 2002' ಎಂದಿತ್ತು. ಅದರಲ್ಲಿ ಅವನಿದ್ದ. ನೌಷಾದ್ ಮಾಡಿದ ಪರೀಕ್ಷೆಯನ್ನೇ ನಾನೂ ಮಾಡಿದೆ. ಸ್ವರದ ಏರಿಳಿತವನ್ನು ಗೆರೆಯಾಗಿ ತೋರಿಸುವ ತಂತ್ರಾಂಶವಿದೆ. ಅದರಲ್ಲಿ ಎರಡನ್ನೂ ಮೇಲೆ ಕೆಳಗೆ ಇಟ್ಟೆ. ಹಳೆಯ ಟೇಪ್ ವೇಗ ಸ್ವಲ್ಪ ಹೆಚ್ಚುಕಡಿಮೆಯಾಗಿ ಶ್ರುತಿ ಮೇಲೆ ಕೆಳಗೆ ಹೋಗುವುದುಂಟು, ಅದನ್ನು ಕಳೆದೇ ನೋಡಿದೆ. ಹದಿನೈದರ ಹುಡುಗನ ಷಡ್ಜ ದಾರ ಎಳೆದಂತೆ ನೆಟ್ಟಗಿತ್ತು. ಅಲ್ಲಿಂದ ಮೇಲಿನ ಗಾಂಧಾರಕ್ಕೆ ಅವಸರವಿಲ್ಲದೆ ಏರಿ, ಮುಟ್ಟಬೇಕಾದಲ್ಲೇ ಮುಟ್ಟುತ್ತಿತ್ತು. 2014ರ ಗೆರೆ ಮೊದಲ ಎರಡು ಸಾಲಿನವರೆಗೆ ಅದೇ ಹುಡುಗನದು. ಆಮೇಲೆ ಷಡ್ಜ ಜಾರುತ್ತದೆ. ತಾರಸ್ಥಾಯಿಗೆ ಹೋಗುವ ಕಡೆ ದನಿ ಒಡೆಯುತ್ತದೆ. ನಾವು ನೋವು ಎಂದುಕೊಂಡು ವಾಹ್ ವಾಹ್ ಅಂದದ್ದು ಆ ಒಡಕಿಗೆ.

ಹಾಡು ಮುಗಿದ ಮೇಲೂ ಫೋನ್ ನಡೆಯುತ್ತಲೇ ಇತ್ತು. ಆ ಭಾಗವನ್ನು ನಾನು ಇಷ್ಟು ವರ್ಷ ಕೇಳಿರಲಿಲ್ಲ, ಹಾಡು ಮುಗಿದ ಕೂಡಲೇ ನಿಲ್ಲಿಸಿಬಿಡುತ್ತಿದ್ದೆ. ಅದರಲ್ಲಿ ಅವನು, "ದನಿ ಕುಂದ್ರವಲ್ದಲೇ, ಸಾಕಿನ್ನ" ಅನ್ನುತ್ತಾನೆ. ಇನ್ನೊಂದು ದನಿ, "ಇನ್ನೊಂದು ಹಾಕ್ಕೊ, ಕುಂದರ್ತದ" ಅನ್ನುತ್ತದೆ. ಆ ದನಿ ನನ್ನದು.

ಕಳೆದ ದೀಪಾವಳಿಗೆ ಊರಿಗೆ ಬಂದಾಗ ಅವನ ಅವ್ವನ ಕಡೆ ಹೋಗಿದ್ದೆ. "ಅವನ ಹಾಡು ಐತಂತಲ್ಲೋ ತಮ್ಮಾ ನಿನ್ನ ಕಡೆ" ಎಂದು ಕೇಳಿದಳು. ಐತಿ ಅವ್ವಾ ಎಂದು 2002ರ ಹಾಡು ಹಚ್ಚಿದೆ. ಬಾಗಿಲ ಬಳಿ ಶೇಂಗಾ ಸುಲಿಯುತ್ತಾ ಕೂತಿದ್ದವಳು ಕೈ ನಿಲ್ಲಿಸಿದಳು. ಪೂರ್ತಿ ಕೇಳಿ, "ಆವತ್ತ ಅವಗ ನೆಗಡಿ ಆಗಿತ್ತು. ಬ್ಯಾಡ ಅಂದ್ರೂ ಕೇಳಲಿಲ್ಲ, ಬಿಸಿನೀರು ಕುಡದು ಹೋಗಿ ಹಾಡಿದ" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೊಂದು ಸಲ ಹಚ್ಚು" ಅಂದಳು. ಹಚ್ಚಿದೆ.

ಕ್ಯಾಸೆಟ್ ಮತ್ತೆ ಶಾಲೆಯ ಬೀರುವಿನಲ್ಲಿದೆ. ಕಂಪ್ಯೂಟರಿಗೆ ಏರಿಸಿದ ಪ್ರತಿಯನ್ನು ಮುಖ್ಯೋಪಾಧ್ಯಾಯರಿಗೆ ಕೊಟ್ಟಿದ್ದೇನೆ. 2003ರ ತಂಡದವರು ಯಾರಾದರೂ ಕೇಳಬೇಕೆಂದರೆ ಪೆನ್‌ಡ್ರೈವ್ ತಂದು ತುಂಬಿಸಿಕೊಂಡು ಹೋಗಬಹುದು.